‘ಮೋಹನಸ್ವಾಮಿ’ಯಿಂದ ಮೊದಲ್ಗೊಂಡು: ಸಲಿಂಗಿಗಳ ಬದುಕನ್ನು ಅರಿಯಲು ಓದಬೇಕಾದ ಪುಸ್ತಕಗಳು

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಿನ ಸಾಧಾರಣ ಹಳ್ಳಿ. ಕೈಗಾರಿಕಾ ಪ್ರದೇಶ ತಲೆಯೆತ್ತಿದ ಮೇಲೆ ಆ ಹೆಸರು ಜಿಲ್ಲೆಯಾಚೆಗೂ ಪರಿಚಿತವಾಯಿತು. ಕಾರ್ಖಾನೆಯ ಪಾಳಿ ಮುಗಿಸಿ ಬಾಡಿಗೆ ಕೋಣೆಗೆ ಮರಳುವ ಯುವಕರು ಇಂದು ಇಂಥ ಎಲ್ಲ ಊರುಗಳಲ್ಲಿ ಇದ್ದಾರೆ. ಅವರಲ್ಲೊಬ್ಬನಿಗೆ ತನ್ನ ಒಲವು ಹೆಣ್ಣಿನ ಕಡೆಗಲ್ಲ, ಗಂಡಿನ ಕಡೆಗೆ ಎಂಬುದು ಮನವರಿಕೆಯಾಗಿದೆ ಎಂದು ಭಾವಿಸೋಣ. ಅದನ್ನು ಹೇಳಿಕೊಳ್ಳಲು ಅವನಿಗೆ ಸಿಗುವ ಮಾತುಗಳಾವುವು? ಶಾಲೆಯ ಬಯಲಿನಲ್ಲಿ ಕೇಳಿದ ಬೈಗುಳಗಳು, ಸಿನಿಮಾದ ಹಾಸ್ಯ ದೃಶ್ಯಗಳ ಅಣಕು, ‘ಒಂಬತ್ತು’ ಎಂಬ ಒಂದು ಅಂಕಿ. ಮನೆಯಲ್ಲಿ ಮದುವೆಯ ಮಾತು ಆರಂಭವಾಗಿರುತ್ತದೆ. ಕನ್ನಡದಲ್ಲಾಗಲಿ, ಆ ಗಡಿಭಾಗದ ಮನೆಮಾತಾದ ತೆಲುಗಿನಲ್ಲಾಗಲಿ, ಅವನ ಸ್ಥಿತಿಗೆ ಗೌರವದ ಹೆಸರೊಂದು ಅವನ ಕಿವಿಗೆ ಬಿದ್ದಿರುವುದಿಲ್ಲ.

ಇಂಥ ಓದುಗನಿಗೂ, ಅವನನ್ನು ಅರ್ಥ ಮಾಡಿಕೊಳ್ಳಬಯಸುವ ತಂದೆ ತಾಯಿ, ಅಕ್ಕ ತಂಗಿ, ಗೆಳೆಯ, ಶಿಕ್ಷಕರಿಗೂ ಪುಸ್ತಕಗಳು ನೆರವಾಗಬಲ್ಲವು. ಎರಡು ದಶಕಗಳ ಹಿಂದೆ ಕನ್ನಡದಲ್ಲಿ ಇಂಥ ಪಟ್ಟಿ ಮಾಡಲು ಹೊರಟರೆ ಒಂದು ಪುಟವೂ ತುಂಬುತ್ತಿರಲಿಲ್ಲ. ಇಂದು ಪರಿಸ್ಥಿತಿ ಬದಲಾಗಿದೆ. ಕಥೆ, ಆತ್ಮಕಥನ, ನಾಟಕ, ಕಾನೂನು ಮತ್ತು ಇತಿಹಾಸ ಎಂಬ ವಿಭಾಗಗಳಲ್ಲಿ ಮುಖ್ಯ ಕೃತಿಗಳ ಪರಿಚಯ ಇಲ್ಲಿದೆ.

ಮೊದಲು ಕೆಲವು ಪದಗಳು

ಓದಿಗೆ ತೊಡಗುವ ಮುನ್ನ ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳುವುದು ಅಗತ್ಯ. ಒಬ್ಬ ವ್ಯಕ್ತಿಯ ಒಲವು ಯಾರ ಕಡೆಗೆ ಎಂಬುದು ಲೈಂಗಿಕ ಒಲವಿನ ಪ್ರಶ್ನೆ. ತಾನು ಗಂಡೋ ಹೆಣ್ಣೋ ಅಥವಾ ಇವೆರಡರಾಚೆಯೋ ಎಂದು ಆ ವ್ಯಕ್ತಿ ತನ್ನನ್ನು ಅರಿತುಕೊಳ್ಳುವುದು ಲಿಂಗತ್ವದ ಪ್ರಶ್ನೆ. ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು ಮೊದಲನೆಯ ಗುಂಪಿಗೆ ಸೇರುತ್ತಾರೆ. ಗಂಡೆಂದು ಗುರುತಿಸಲ್ಪಟ್ಟು ಹುಟ್ಟಿ ಹೆಣ್ಣಾಗಿ ಬಾಳುವವರು, ಹೆಣ್ಣೆಂದು ಗುರುತಿಸಲ್ಪಟ್ಟು ಗಂಡಾಗಿ ಬಾಳುವವರು ಎರಡನೆಯ ಗುಂಪಿನವರು. ಜನರ ಮಾತಿನಲ್ಲಿ ಇವೆರಡೂ ಒಂದೇ ಎಂಬಂತೆ ಬೆರೆತುಹೋಗಿವೆ.

‘ಸಲಿಂಗಕಾಮಿ’ ಎಂಬ ಪದ ಪತ್ರಿಕೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅದರೊಳಗಿನ ‘ಕಾಮ’ ಎಂಬ ಭಾಗವು ಇಡೀ ಬದುಕನ್ನು ಹಾಸಿಗೆಗೆ ಸೀಮಿತಗೊಳಿಸುತ್ತದೆ ಎಂಬ ಆಕ್ಷೇಪವಿದೆ. ಆದ್ದರಿಂದ ‘ಸಲಿಂಗಿ’, ‘ಸಲಿಂಗಪ್ರೇಮಿ’ ಎಂಬ ಪದಗಳನ್ನು ಅನೇಕರು ಬಳಸುತ್ತಾರೆ. ‘ಲೈಂಗಿಕ ಅಲ್ಪಸಂಖ್ಯಾತರು’, ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬವು ಸಂಘಟನೆಗಳ ಮೂಲಕ ಬಂದು ಸರ್ಕಾರಿ ಕಡತಗಳಲ್ಲೂ ನೆಲೆಯೂರಿದವು. ‘ಕಮಿಂಗ್ ಔಟ್’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ನಿಶ್ಚಿತ ಪದವಿಲ್ಲ. ‘ಹೇಳಿಕೊಳ್ಳುವುದು’ ಎಂಬ ದಿನಬಳಕೆಯ ಮಾತೇ ಅದಕ್ಕೆ ಹತ್ತಿರವಾದದ್ದು. ಕಷ್ಟಸುಖವನ್ನು ನಂಬಿಕೆಯವರ ಮುಂದೆ ಬಿಚ್ಚಿಡುವುದಕ್ಕೂ ಕನ್ನಡಿಗರು ಅದೇ ಮಾತನ್ನು ಬಳಸುತ್ತಾರೆ.

ಕಥೆ: ವಸುಧೇಂದ್ರರ ‘ಮೋಹನಸ್ವಾಮಿ’

ಕನ್ನಡದಲ್ಲಿ ಒಂದೇ ಒಂದು ಪುಸ್ತಕ ಓದುವುದಾದರೆ ಅದು ‘ಮೋಹನಸ್ವಾಮಿ’ ಆಗಬೇಕು. ಬಳ್ಳಾರಿ ಸೀಮೆಯ ಸಂಡೂರಿನವರಾದ ವಸುಧೇಂದ್ರ ದೀರ್ಘಕಾಲ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದಲ್ಲಿದ್ದವರು. ‘ಛಂದ ಪುಸ್ತಕ’ ಪ್ರಕಾಶನವನ್ನು ಕಟ್ಟಿ ಹೊಸ ಬರಹಗಾರರನ್ನು ಬೆಳಕಿಗೆ ತಂದವರು. ಪ್ರಬಂಧ ಮತ್ತು ಕಥೆಗಳ ಮೂಲಕ ಮನೆಮಾತಾಗಿದ್ದ ಅವರು 2013ರಲ್ಲಿ ಈ ಸಂಕಲನವನ್ನು ಪ್ರಕಟಿಸಿದರು. ಇದರ ಕಥೆಯೊಂದು ಅದಕ್ಕೂ ಮೊದಲು ‘ದೇಶ ಕಾಲ’ ಸಾಹಿತ್ಯ ಪತ್ರಿಕೆಯಲ್ಲಿ ಬೇರೊಂದು ಹೆಸರಿನಲ್ಲಿ ಅಚ್ಚಾಗಿತ್ತು. ಅಂದು ಮರೆಯಾಗಿದ್ದ ಲೇಖಕ ಸಂಕಲನದ ಹೊದಿಕೆಯ ಮೇಲೆ ತನ್ನ ನಿಜನಾಮವನ್ನು ಮುದ್ರಿಸಿದ್ದು, ಆನಂತರ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡದ್ದು ಕನ್ನಡ ಸಾಹಿತ್ಯದ ಮಟ್ಟಿಗೆ ಮಹತ್ತ್ವದ ಘಟನೆ.

ಮೋಹನಸ್ವಾಮಿ ಎಂಬ ಪಾತ್ರ ಸಂಕಲನದ ಹಲವು ಕಥೆಗಳನ್ನು ಬೆಸೆಯುತ್ತದೆ. ಸಣ್ಣ ಊರಿನಲ್ಲಿ ಹಾವಭಾವಗಳ ಕಾರಣಕ್ಕೆ ಲೇವಡಿಗೊಳಗಾಗುವ ಹುಡುಗ, ದೇವರಲ್ಲಿ ತನ್ನನ್ನು ಎಲ್ಲರಂತೆ ಮಾಡೆಂದು ಬೇಡುವ ಭಕ್ತ, ಬೆಂಗಳೂರಿನಲ್ಲಿ ಕೈತುಂಬ ಸಂಬಳ ಪಡೆದರೂ ಒಂಟಿಯಾಗಿರುವ ಉದ್ಯೋಗಿ, ಹೀಗೆ ಒಬ್ಬನೇ ವ್ಯಕ್ತಿಯ ಬೇರೆ ಬೇರೆ ವಯಸ್ಸಿನ ಮುಖಗಳು ಇಲ್ಲಿವೆ. ‘ಕಗ್ಗಂಟು’ ಕಥೆಯಲ್ಲಿ ಅವನ ಸಂಗಾತಿ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಪ್ರೇಮಭಂಗ ಎಂದು ಕರೆದು ಅಳಲು ಲೋಕದಲ್ಲಿ ಎಲ್ಲರಿಗೂ ಅವಕಾಶವಿದೆ. ಮೋಹನಸ್ವಾಮಿಗೆ ಅದೂ ಇಲ್ಲ. ಏಕೆಂದರೆ ಆ ಪ್ರೇಮ ಇತ್ತೆಂಬುದೇ ಯಾರಿಗೂ ಗೊತ್ತಿಲ್ಲ. ಈ ಕಥೆಯ ನೋವಿನ ಮೂಲ ಇರುವುದು ಇಲ್ಲಿ. ಕಿಲಿಮಂಜಾರೋ ಪರ್ವತದ ಏರುಹಾದಿಯನ್ನು ಕುರಿತ ಕಥೆಯಲ್ಲಿ ಪಾತ್ರದ ಉಸಿರು ಮೊದಲ ಬಾರಿಗೆ ಸಡಿಲಗೊಳ್ಳುತ್ತದೆ.

ಈ ಪುಸ್ತಕದ ಹೆಚ್ಚುಗಾರಿಕೆ ಅದರ ಭಾಷೆಯಲ್ಲಿದೆ. ಇಂಗ್ಲಿಷಿನಿಂದ ತಂದ ಪರಿಭಾಷೆಯ ಭಾರವಿಲ್ಲದೆ, ಮಧ್ಯಮವರ್ಗದ ಮನೆಯ ಅಡುಗೆಮನೆ, ದೇವರಕೋಣೆ, ಮದುವೆಮಂಟಪಗಳ ನಡುವೆಯೇ ಸಲಿಂಗಿಯ ಬದುಕು ನಡೆಯುತ್ತದೆ ಎಂಬುದನ್ನು ಅದು ತೋರಿಸಿತು. ‘ಇದೆಲ್ಲ ಪಟ್ಟಣದ, ಪರದೇಶದ ಚಟ’ ಎಂಬ ವಾದಕ್ಕೆ ಇದಕ್ಕಿಂತ ತಕ್ಕ ಉತ್ತರ ಕನ್ನಡದಲ್ಲಿ ಸಿಗುವುದು ಕಷ್ಟ. ರಶ್ಮಿ ತೇರದಾಳ ಅವರ ಇಂಗ್ಲಿಷ್ ಅನುವಾದವನ್ನು 2016ರಲ್ಲಿ ಹಾರ್ಪರ್‌ಕಾಲಿನ್ಸ್ ಹೊರತಂದಿತು. ಕನ್ನಡ ಓದಲು ಬಾರದ ಮಕ್ಕಳು, ಹೊರರಾಜ್ಯದ ಸಹೋದ್ಯೋಗಿಗಳು ಅದನ್ನು ಓದಬಹುದು. ಕೆಲವು ಕಥೆಗಳಲ್ಲಿ ಹಿಂಸೆ ಮತ್ತು ಹತಾಶೆಯ ಚಿತ್ರಣ ತೀವ್ರವಾಗಿದೆ. ಮನಸ್ಸು ಕುಗ್ಗಿರುವ ಹೊತ್ತಿನಲ್ಲಿ ಒಂದೇ ಉಸಿರಿಗೆ ಓದುವುದಕ್ಕಿಂತ ಒಂದೊಂದಾಗಿ ಓದುವುದು ಲೇಸು.

ಹೊಸ ತಲೆಮಾರಿನಲ್ಲಿ ದಾದಾಪೀರ್ ಜೈಮನ್ ಅವರ ‘ನೀಲಕುರಿಂಜಿ’ ಕಥಾಸಂಕಲನವನ್ನು ಗಮನಿಸಬೇಕು. 2022ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಪಡೆದ ಕೃತಿ ಇದು. ‘ಮೋಹನಸ್ವಾಮಿ’ ತೆರೆದ ಬಾಗಿಲಿನಿಂದ ಮುಂದಿನವರು ಒಳಬಂದಿದ್ದಾರೆ ಎಂಬುದಕ್ಕೆ ಇದೊಂದು ಸಾಕ್ಷಿ.

ಆತ್ಮಕಥನಗಳು: ತಾವೇ ಹೇಳಿಕೊಂಡದ್ದು

ಕನ್ನಡದ ಕಪಾಟಿನಲ್ಲಿ ಹೆಚ್ಚು ಸಮೃದ್ಧವಾಗಿರುವ ವಿಭಾಗ ಲಿಂಗತ್ವ ಅಲ್ಪಸಂಖ್ಯಾತರ ಆತ್ಮಕಥನಗಳದ್ದು. ಸಲಿಂಗಿಗಳ ಅನುಭವ ಮತ್ತು ಇವರ ಅನುಭವ ಒಂದೇ ಅಲ್ಲ. ಆದರೆ ಮನೆಯಿಂದ ದೂರವಾಗುವ ಭಯ, ‘ಎಲ್ಲರಂತೆ ಇರು’ ಎಂಬ ಒತ್ತಾಯ, ಪೊಲೀಸರ ಮತ್ತು ಪುಂಡರ ಕಾಟ, ಹೇಳಿಕೊಂಡ ದಿನದ ಹಗುರ ಇವೆಲ್ಲ ಎರಡೂ ಕಡೆ ಸಮಾನ.

‘ಬದುಕು ಬಯಲು’: ತಮಿಳುನಾಡಿನ ನಾಮಕ್ಕಲ್ ಭಾಗದಲ್ಲಿ ಹುಟ್ಟಿದ ಎ. ರೇವತಿ ಹೆಣ್ಣಾಗಿ ಬಾಳಲು ಮನೆಬಿಟ್ಟು ದೆಹಲಿ, ಮುಂಬಯಿಗಳನ್ನು ಕಂಡು ಬೆಂಗಳೂರಿಗೆ ಬಂದವರು. ಇಲ್ಲಿ ‘ಸಂಗಮ’ ಸಂಸ್ಥೆಯಲ್ಲಿ ದುಡಿದು ಸಂಘಟಕಿಯಾದರು. 2004ರಲ್ಲಿ ತಮಿಳಿನಲ್ಲಿ ಹಿಜಡಾ ಸಮುದಾಯದವರ ಅನುಭವಗಳನ್ನು ಸಂಗ್ರಹಿಸಿದ ಅವರು ತಮ್ಮದೇ ಕಥೆಯನ್ನೂ ಬರೆದರು. ವಿ. ಗೀತಾ ಅವರ ಅನುವಾದದಲ್ಲಿ ಅದು 2010ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಕನ್ನಡಕ್ಕೆ ತಂದವರು ಲೇಖಕಿ ದು. ಸರಸ್ವತಿ. ಹೆಗ್ಗೋಡಿನ ‘ಜನಮನದಾಟ’ ತಂಡ ಇದನ್ನು ರಂಗಕ್ಕೆ ತಂದು ಊರೂರು ಸುತ್ತಿದ್ದರಿಂದ ಪುಸ್ತಕ ಓದದ ಸಾವಿರಾರು ಜನರಿಗೂ ಈ ಕಥೆ ತಲುಪಿತು. ಹಿಂಸಿಸಿದ ಅಣ್ಣಂದಿರಿರುವ ಮನೆಗೆ ಮತ್ತೆ ಮತ್ತೆ ಮರಳುವ, ವಯಸ್ಸಾದ ತಂದೆ ತಾಯಿಯ ಹೊಣೆ ಹೊರುವ ಮಗಳ ಕಥೆಯಾಗಿಯೂ ಇದನ್ನು ಓದಬಹುದು. ಕುಟುಂಬವೆಂದರೆ ಬರೀ ಶತ್ರುವೂ ಅಲ್ಲ, ಬರೀ ಆಸರೆಯೂ ಅಲ್ಲ ಎಂಬ ಸತ್ಯ ಇಲ್ಲಿ ನಿಚ್ಚಳವಾಗಿದೆ.

‘ನಡುವೆ ಸುಳಿವ ಹೆಣ್ಣು’: ಜೋಗತಿ ಕಲಾವಿದೆ ಮಂಜಮ್ಮ ಜೋಗತಿ ಅವರ ಆತ್ಮಕಥನ. ನಿರೂಪಿಸಿದವರು ಜಾನಪದ ಸಂಶೋಧಕ ಅರುಣ್ ಜೋಳದಕೂಡ್ಲಿಗಿ. ಹೆಸರು ಕೇಳಿದೊಡನೆ ಜೇಡರ ದಾಸಿಮಯ್ಯನ ಪ್ರಸಿದ್ಧ ವಚನ ನೆನಪಾಗುತ್ತದೆ. ಗಂಡು, ಹೆಣ್ಣು ಎಂಬ ಭೇದ ದೇಹಕ್ಕೆ, ಒಳಗಿನ ಆತ್ಮಕ್ಕಲ್ಲ ಎಂಬ ಮಾತನ್ನು ಕನ್ನಡ ನಾಡು ಶತಮಾನಗಳ ಹಿಂದೆಯೇ ಕೇಳಿತ್ತು. ಬಳ್ಳಾರಿ ಸೀಮೆಯಲ್ಲಿ ಹುಟ್ಟಿದ ಮಂಜಮ್ಮ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡು, ಭಿಕ್ಷೆ ಬೇಡಿ, ಇಡ್ಲಿ ಮಾರಿ, ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯ ಕಲಿತವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಅದೇ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಸ್ವೀಕರಿಸುವ ಮುನ್ನ ಸೆರಗಿನಿಂದ ದೃಷ್ಟಿ ತೆಗೆದ ಅವರ ಚಿತ್ರ ದೇಶದ ಗಮನ ಸೆಳೆಯಿತು. ಆ ಕ್ಷಣದ ಹಿಂದಿನ ಹಸಿವು, ಅವಮಾನಗಳ ಲೆಕ್ಕ ಈ ಪುಸ್ತಕದಲ್ಲಿದೆ. ಜೋಗಪ್ಪ, ಜೋಗತಿಯರ ಆಚರಣಾಲೋಕವನ್ನು ಒಳಗಿನಿಂದ ತಿಳಿಯಲು ಇದು ಮುಖ್ಯ ಆಕರ.

‘ನಾನು ಅವನಲ್ಲ... ಅವಳು’: ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥೆಯ ಕನ್ನಡ ರೂಪ. ಇದನ್ನು ಆಧರಿಸಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ಅದೇ ಹೆಸರಿನ ಚಿತ್ರ 2015ರಲ್ಲಿ ತೆರೆಕಂಡಿತು. ಮುಖ್ಯಪಾತ್ರ ವಹಿಸಿದ ಸಂಚಾರಿ ವಿಜಯ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂದಿತು. 2021ರಲ್ಲಿ ಅವರು ಅಕಾಲ ಮರಣಕ್ಕೀಡಾದರು. ಹಿಂದೆ ಇಂಥ ಪಾತ್ರಗಳು ಕನ್ನಡ ಚಿತ್ರಗಳಲ್ಲಿ ನಗೆಯುಕ್ಕಿಸಲು ಬರುತ್ತಿದ್ದವು. ಪ್ರೇಕ್ಷಕರನ್ನು ಮೌನವಾಗಿ ಕೂರಿಸಿದ ಚಿತ್ರವಿದು.

‘ಜೌನ್‌ಪುರಿ ಖಯಾಲ್’: ಹಿಂದೂಸ್ತಾನಿ ಸಂಗೀತಗಾರ, ಹೋರಾಟಗಾರ ರೂಮಿ ಹರೀಶ್ ಅವರ ಬದುಕಿನ ಕಥನ. ದಾದಾಪೀರ್ ಜೈಮನ್ ನಿರೂಪಣೆ. ಹೆಣ್ಣೆಂದು ಬೆಳೆಸಲ್ಪಟ್ಟು ಗಂಡಾಗಿ ತನ್ನನ್ನು ಅರಿತುಕೊಂಡವರ ಅನುಭವ ಕನ್ನಡದಲ್ಲಿ ತೀರ ವಿರಳ. ಆ ಕೊರತೆಯನ್ನು ತುಂಬುವ ಪುಸ್ತಕವಿದು. ದನಿ, ರಾಗ ಮತ್ತು ದೇಹದ ಸಂಬಂಧವನ್ನು ಸಂಗೀತಗಾರನೊಬ್ಬ ಮಾತ್ರ ಹೇಳಬಲ್ಲ ರೀತಿಯಲ್ಲಿ ಇದು ತೆರೆದಿಡುತ್ತದೆ.

ಅಕ್ಕಯ್ ಪದ್ಮಶಾಲಿ: ‘ಒಂದೆಡೆ’ ಸಂಸ್ಥೆಯನ್ನು ಕಟ್ಟಿದ ಬೆಂಗಳೂರಿನ ಹೋರಾಟಗಾರ್ತಿ. 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದವರು. ಅವರ ಆತ್ಮಕಥನ ‘ಎ ಸ್ಮಾಲ್ ಸ್ಟೆಪ್ ಇನ್ ಎ ಲಾಂಗ್ ಜರ್ನಿ’ 2022ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಬೀದಿಯಿಂದ ಆರಂಭವಾದ ಬದುಕು ಸರ್ಕಾರದೊಡನೆ ಮುಖಾಮುಖಿ ಮಾತನಾಡುವ ಮಟ್ಟಕ್ಕೆ ಬೆಳೆದದ್ದು ಹೇಗೆ ಎಂಬುದು ಇದರ ವಸ್ತು.

ರಂಗಭೂಮಿ

ಬೆಂಗಳೂರಿನಲ್ಲಿ ಹುಟ್ಟಿದ ಇಂಗ್ಲಿಷ್ ನಾಟಕಕಾರ ಮಹೇಶ್ ದತ್ತಾನಿ ಈ ವಸ್ತುವನ್ನು ಭಾರತೀಯ ರಂಗಕ್ಕೆ ನೇರವಾಗಿ ತಂದವರಲ್ಲಿ ಪ್ರಮುಖರು. ‘ಬ್ರೇವ್ಲಿ ಫಾಟ್ ದ ಕ್ವೀನ್’ ನಾಟಕದಲ್ಲಿ ಬೆಂಗಳೂರಿನ ವ್ಯಾಪಾರಿ ಕುಟುಂಬವೊಂದರ ಗೋಡೆಗಳ ಹಿಂದೆ ಮುಚ್ಚಿಟ್ಟ ಸಂಬಂಧವಿದೆ. ಅದರ ಬೆಲೆ ತೆರುವವಳು ಮನೆಯ ಹೆಂಡತಿ. ‘ಸೆವೆನ್ ಸ್ಟೆಪ್ಸ್ ಅರೌಂಡ್ ದ ಫೈರ್’ 1999ರಲ್ಲಿ ಬಿಬಿಸಿ ರೇಡಿಯೋದಲ್ಲಿ ಪ್ರಸಾರವಾಯಿತು. ಹಿಜಡಾ ಒಬ್ಬರ ಕೊಲೆಯ ಸುತ್ತ ಹೆಣೆದ ಈ ಪತ್ತೇದಾರಿ ನಾಟಕದ ನೆಲವೂ ಬೆಂಗಳೂರು. 1998ರ ‘ಆನ್ ಎ ಮಗ್ಗಿ ನೈಟ್ ಇನ್ ಮುಂಬಯಿ’ ಗೆಳೆಯರ ಗುಂಪೊಂದರ ರಾತ್ರಿಯ ಕಥೆ. ಹೇಳಿಕೊಳ್ಳುವವನಿಗೂ ಮುಚ್ಚಿಟ್ಟುಕೊಳ್ಳುವವನಿಗೂ ನಡುವಿನ ಜಗಳ ಅದರ ಜೀವಾಳ.

ಕನ್ನಡದಲ್ಲಿ ಶ್ರೀಜಿತ್ ಸುಂದರಂ ನಿರ್ದೇಶನದ ‘ತಲ್ಕಿ’ ಪ್ರಯೋಗದಲ್ಲಿ ಹಿರಿಯ ಲಿಂಗತ್ವ ಅಲ್ಪಸಂಖ್ಯಾತರೇ ವೇದಿಕೆಗೆ ಬಂದು ತಮ್ಮ ಬದುಕನ್ನು ತಾವೇ ಹೇಳಿದರು. ಪಾತ್ರ ಮತ್ತು ಪಾತ್ರಧಾರಿ ಒಂದೇ ಆದಾಗ ಪ್ರೇಕ್ಷಕನಿಗೆ ತಪ್ಪಿಸಿಕೊಳ್ಳಲು ದಾರಿಯಿರುವುದಿಲ್ಲ.

ಇತಿಹಾಸ ಮತ್ತು ಚಳವಳಿ

‘ಇದು ನಮ್ಮ ಸಂಸ್ಕೃತಿಯಲ್ಲ’ ಎಂಬ ಮಾತು ಮನೆಯ ಜಗಳದಲ್ಲಿ ಮೊದಲು ಬರುವಂಥದ್ದು. ಅದಕ್ಕೆ ಆಧಾರಸಹಿತ ಉತ್ತರ ಬೇಕಾದವರು ರೂತ್ ವನಿತಾ ಮತ್ತು ಸಲೀಂ ಕಿದ್ವಾಯಿ ಸಂಪಾದಿಸಿದ ‘ಸೇಮ್‌ ಸೆಕ್ಸ್ ಲವ್ ಇನ್ ಇಂಡಿಯಾ’ ಗ್ರಂಥವನ್ನು ನೋಡಬೇಕು. 2000ದಲ್ಲಿ ಹೊರಬಂದ ಈ ಸಂಕಲನ ಪ್ರಾಚೀನ ಕಾಲದಿಂದ ಇಪ್ಪತ್ತನೆಯ ಶತಮಾನದವರೆಗಿನ ಹಲವು ಭಾರತೀಯ ಭಾಷೆಗಳ ಬರಹಗಳನ್ನು ಒಂದೆಡೆ ತಂದಿದೆ. ಕನ್ನಡದ ಓದುಗರು ಮಹಾಭಾರತದ ಶಿಖಂಡಿಯನ್ನೂ, ಪಂಪನ ಕಾವ್ಯನಾಯಕ ಅರ್ಜುನ ವಿರಾಟನಗರಿಯಲ್ಲಿ ತಾಳಿದ ಬೃಹನ್ನಳೆಯ ವೇಷವನ್ನೂ ಇದರೊಡನೆ ನೆನೆಯಬಹುದು. ಆದರೆ ಪುರಾಣದ ಪಾತ್ರಗಳನ್ನು ಇಂದಿನ ಹೆಸರುಗಳಿಂದ ಕರೆಯುವಾಗ ಎಚ್ಚರ ಬೇಕು. ಅಪರಾಧವೆಂದು ಕಾನೂನು ಬರೆದದ್ದು ಬ್ರಿಟಿಷರ ಕಾಲದ ದಂಡಸಂಹಿತೆ ಎಂಬುದಂತೂ ನಿರ್ವಿವಾದ.

ಬೆಂಗಳೂರು ಈ ಚಳವಳಿಯ ಆರಂಭದ ಕೇಂದ್ರಗಳಲ್ಲೊಂದು. 1994ರಲ್ಲಿ ‘ಗುಡ್ ಆ್ಯಸ್ ಯೂ’ ಎಂಬ ಬೆಂಬಲ ಗುಂಪು, 1999ರಲ್ಲಿ ‘ಸಂಗಮ’, 2000ದಲ್ಲಿ ‘ಆಲ್ಟರ್ನೇಟಿವ್ ಲಾ ಫೋರಂ’ ಇಲ್ಲಿ ಹುಟ್ಟಿದವು. 2008ರಲ್ಲಿ ನಗರದ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. ಪಿಯುಸಿಎಲ್ ಕರ್ನಾಟಕ ಘಟಕ 2001 ಮತ್ತು 2003ರಲ್ಲಿ ಪ್ರಕಟಿಸಿದ ಎರಡು ವರದಿಗಳು ಪೊಲೀಸರ ಕಿರುಕುಳ, ಸುಲಿಗೆ, ಮನೆಯೊಳಗಿನ ಹಿಂಸೆಗಳನ್ನು ದಾಖಲಿಸಿದವು. ವಕೀಲ ಅರವಿಂದ ನಾರಾಯಣ್ ಮತ್ತು ಗೌತಮ್ ಭಾನ್ ಸಂಪಾದಿಸಿದ ‘ಬಿಕಾಸ್ ಐ ಹ್ಯಾವ್ ಎ ವಾಯ್ಸ್’ 2005ರ ಕೃತಿ. ಹೋರಾಟಗಾರರು ತಮ್ಮ ವೈಯಕ್ತಿಕ ಅನುಭವವನ್ನೂ ರಾಜಕೀಯ ಚಿಂತನೆಯನ್ನೂ ಕೂಡಿಸಿ ಬರೆದ ಲೇಖನಗಳು ಇದರಲ್ಲಿವೆ.

ಸ್ತ್ರೀಯರನ್ನು ಪ್ರೀತಿಸುವ ಸ್ತ್ರೀಯರ ಬರಹ ಕನ್ನಡದಲ್ಲಿ ಇನ್ನೂ ಕಡಿಮೆ. ಹುಡುಗನಿಗೆ ನಗರಕ್ಕೆ ಹೊರಟುಹೋಗುವ ದಾರಿಯಾದರೂ ಇರುತ್ತದೆ. ಹುಡುಗಿಗೆ ಮದುವೆಗೆ ಮೊದಲು ತವರಿನ ಕಾವಲು, ಆಮೇಲೆ ಅತ್ತೆಮನೆಯ ಕಾವಲು. ಬರೆಯಲು ಬೇಕಾದ ಏಕಾಂತವೂ ಸಿಗದಿರುವುದು ಈ ಮೌನಕ್ಕೆ ಒಂದು ಕಾರಣ. ಅಶ್ವಿನಿ ಸುಖ್ತಂಕರ್ ಸಂಪಾದಿಸಿದ ‘ಫೇಸಿಂಗ್ ದ ಮಿರರ್’ ಇಂಗ್ಲಿಷಿನಲ್ಲಿ 1999ರಲ್ಲೇ ಬಂದ ಸಂಕಲನ. ಉರ್ದುವಿನ ಇಸ್ಮತ್ ಚುಗ್ತಾಯಿ 1942ರಲ್ಲಿ ಬರೆದ ‘ಲಿಹಾಫ್’ ಕಥೆ ಅಶ್ಲೀಲತೆಯ ಆರೋಪ ಹೊತ್ತು ಲಾಹೋರಿನ ನ್ಯಾಯಾಲಯದವರೆಗೂ ಹೋಯಿತು. ಅಮೃತಾ ಪಾಟೀಲರ ‘ಕರಿ’ 2008ರ ಚಿತ್ರಕಾದಂಬರಿ. ಚಿತ್ರಗಳ ಮೂಲಕ ಓದಲು ಬಯಸುವ ಕಿರಿಯರಿಗೆ ಅದು ಹಿಡಿಸೀತು.

ಬೇರೆ ಭಾಷೆಗಳಿಂದ ಎರಡು ಕಾದಂಬರಿಗಳು

ಮರಾಠಿಯ ಸಚಿನ್ ಕುಂಡಲ್ಕರ್ ಅವರ ‘ಕೋಬಾಲ್ಟ್ ಬ್ಲೂ’ 2006ರಲ್ಲಿ ಪ್ರಕಟವಾಯಿತು. ಜೆರ್ರಿ ಪಿಂಟೊ ಅವರ ಇಂಗ್ಲಿಷ್ ಅನುವಾದ 2013ರಲ್ಲಿ ಬಂದಿತು. ಪುಣೆಯ ಮನೆಯೊಂದಕ್ಕೆ ಬಾಡಿಗೆಗೆ ಬಂದ ಯುವಕನನ್ನು ಆ ಮನೆಯ ಅಣ್ಣನೂ ತಂಗಿಯೂ ಪ್ರೀತಿಸುತ್ತಾರೆ. ತಂಗಿಯ ದುಃಖ ಮನೆಯವರೆಲ್ಲರ ಚರ್ಚೆಯ ವಿಷಯವಾಗುತ್ತದೆ. ಅಣ್ಣನ ದುಃಖ ಕೋಣೆಯೊಳಗೇ ಉಳಿಯುತ್ತದೆ. ಸೂಕ್ಷ್ಮವಾದ, ಚಿಕ್ಕ ಗಾತ್ರದ ಕಾದಂಬರಿ.

ಇ.ಎಂ. ಫಾರ್‌ಸ್ಟರ್ ಬರೆದ ‘ಮಾರಿಸ್’ 1914ರಲ್ಲೇ ಮುಗಿದಿದ್ದರೂ ಅಚ್ಚಾದದ್ದು ಲೇಖಕ ತೀರಿಕೊಂಡ ಮೇಲೆ, 1971ರಲ್ಲಿ. ಕಾರಣ, ಅದರ ಇಬ್ಬರು ಪುರುಷ ಪ್ರೇಮಿಗಳು ಕೊನೆಗೆ ಒಂದಾಗಿ ಸುಖವಾಗಿ ಉಳಿಯುತ್ತಾರೆ. ದುರಂತವಾಗಿದ್ದರೆ ಸಮಾಜ ಸಹಿಸೀತು, ಸುಖಾಂತ್ಯವನ್ನು ಸಹಿಸದು ಎಂಬುದನ್ನು ಫಾರ್‌ಸ್ಟರ್ ಅರಿತಿದ್ದರು. ಈ ಬಗೆಯ ಕಥೆಗಳಲ್ಲಿ ಸಾವನ್ನೇ ಓದಿ ಬೇಸತ್ತವರು ಇದನ್ನು ಕೈಗೆತ್ತಿಕೊಳ್ಳಬೇಕು.

ಕಾನೂನು ನಡೆದು ಬಂದ ದಾರಿ

ಹಳೆಯ ಪುಸ್ತಕಗಳನ್ನು ಓದುವಾಗ ಅವು ಬರೆಯಲ್ಪಟ್ಟ ಕಾಲದ ಕಾನೂನು ತಿಳಿದಿರಬೇಕು. ಮುಖ್ಯ ಘಟ್ಟಗಳು ಹೀಗಿವೆ:

* 1860: ಭಾರತೀಯ ದಂಡಸಂಹಿತೆಯ 377ನೇ ಕಲಂ ‘ನಿಸರ್ಗಕ್ಕೆ ವಿರುದ್ಧವಾದ’ ಸಂಭೋಗವನ್ನು ಜೀವಾವಧಿಯವರೆಗಿನ ಶಿಕ್ಷೆಗೆ ಗುರಿಪಡಿಸಿತು.
* ಜುಲೈ 2, 2009: ನಾಜ್ ಫೌಂಡೇಶನ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ವಯಸ್ಕರ ಪರಸ್ಪರ ಸಮ್ಮತಿಯ ಖಾಸಗಿ ಸಂಬಂಧ ಅಪರಾಧವಲ್ಲ ಎಂದಿತು.
* ಡಿಸೆಂಬರ್ 11, 2013: ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಗೊಳಿಸಿತು. ‘ಮೋಹನಸ್ವಾಮಿ’ ಪ್ರಕಟವಾದ ವರ್ಷವೇ ಇದು.
* ಏಪ್ರಿಲ್ 15, 2014: ನಾಲ್ಸಾ ತೀರ್ಪು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ಮಾನ್ಯ ಮಾಡಿತು.
* ಆಗಸ್ಟ್ 24, 2017: ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮುಂದಿನ ತೀರ್ಪಿಗೆ ಇದೇ ಅಡಿಗಲ್ಲು.
* ಸೆಪ್ಟೆಂಬರ್ 6, 2018: ನವತೇಜ್ ಜೋಹರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ, ವಯಸ್ಕರ ಸಮ್ಮತಿಯ ಸಂಬಂಧವನ್ನು 377ರ ಹಿಡಿತದಿಂದ ಬಿಡಿಸಿದರು.
* ಅಕ್ಟೋಬರ್ 17, 2023: ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ಸುಪ್ರೀಂ ಕೋರ್ಟ್ ನಿರಾಕರಿಸಿ, ಅದನ್ನು ಶಾಸಕಾಂಗದ ವಿವೇಚನೆಗೆ ಬಿಟ್ಟಿತು.

ಕರ್ನಾಟಕ ಸರ್ಕಾರ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1ರಷ್ಟು ಮೀಸಲಾತಿ ಕಲ್ಪಿಸಿ ದೇಶಕ್ಕೆ ಮೊದಲಿಗನಾಯಿತು.

ತಂದೆ ತಾಯಿಯರಿಗೆ ನಾಲ್ಕು ಮಾತು

ಮಗ ಅಥವಾ ಮಗಳು ಹೇಳಿಕೊಂಡಾಗ ಬಹುಪಾಲು ಪೋಷಕರ ಮೊದಲ ಪ್ರಶ್ನೆ: ‘ಯಾವ ಡಾಕ್ಟರ ಹತ್ತಿರ ತೋರಿಸೋಣ?’ ಇದಕ್ಕೆ ವೈದ್ಯವಿಜ್ಞಾನದ ಉತ್ತರ ಸ್ಪಷ್ಟ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟವು. ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆಯಲ್ಲ ಎಂದು ಹೇಳಿತು. ‘ಸರಿಪಡಿಸುವ’ ಹೆಸರಿನ ಚಿಕಿತ್ಸೆಯನ್ನು ಮದ್ರಾಸ್ ಹೈಕೋರ್ಟಿನ 2021ರ ಆದೇಶದ ಬೆನ್ನಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿಪರ ದುರ್ನಡತೆ ಎಂದು ಪರಿಗಣಿಸಿತು. ಔಷಧ, ಹರಕೆ, ತಾಯತಗಳಿಂದ ಒಲವು ಬದಲಾಗದು.

ಎರಡನೆಯ ಯೋಚನೆ ‘ಮದುವೆ ಮಾಡಿದರೆ ಸರಿಹೋದೀತು’ ಎಂಬುದು. ಈ ಪಟ್ಟಿಯ ಕೃತಿಗಳಲ್ಲಿ ಮತ್ತೆ ಮತ್ತೆ ಕಾಣುವ ದುರಂತದ ಬೇರು ಇದೇ. ಹಾಗೆ ಮಾಡಿದ ಮದುವೆಯಲ್ಲಿ ಏನೂ ಅರಿಯದ ಇನ್ನೊಂದು ಜೀವವೂ ಬಲಿಯಾಗುತ್ತದೆ. ಪೋಷಕರು ‘ಮೋಹನಸ್ವಾಮಿ’ಯನ್ನು ಓದಬೇಕಾದ ಮುಖ್ಯ ಕಾರಣ ಇದು. ಪುಸ್ತಕವನ್ನು ಓದಿ ಮುಗಿಸಿ ಮಕ್ಕಳಿಗೆ ಕಾಣುವಂತೆ ಮೇಜಿನ ಮೇಲಿಟ್ಟರೂ ಸಾಕು. ಎಷ್ಟೋ ಮನೆಗಳಲ್ಲಿ ಬಾಯಿಬಿಟ್ಟು ಹೇಳಲಾಗದ ಮಾತನ್ನು ಅದು ಹೇಳಿಬಿಡುತ್ತದೆ.

ಹೇಳಿಕೊಳ್ಳುವ ಮುನ್ನ

ಈ ಪುಸ್ತಕಗಳಲ್ಲಿ ಹೇಳಿಕೊಂಡವರ ಧೈರ್ಯವನ್ನು ಓದಿ, ಹೇಳಿಕೊಳ್ಳದವರು ತಾವು ಹೇಡಿಗಳೆಂದು ಭಾವಿಸಬೇಕಿಲ್ಲ. ಯಾವಾಗ, ಯಾರಿಗೆ, ಎಷ್ಟು ಹೇಳಬೇಕೆಂಬುದು ಆಯಾ ವ್ಯಕ್ತಿಯ ತೀರ್ಮಾನ. ಓದು ಮುಗಿಯದ, ಸಂಪಾದನೆಯಿಲ್ಲದ, ಮನೆಯಲ್ಲಿ ಹೊಡೆತದ ಭಯವಿರುವ ಹುಡುಗ ಅಥವಾ ಹುಡುಗಿ ಮೊದಲು ತನ್ನ ಕಾಲ ಮೇಲೆ ನಿಲ್ಲುವುದು ವಿವೇಕ. ನಂಬಬಹುದಾದ ಒಬ್ಬ ಗೆಳತಿಗೋ, ಅಕ್ಕನಿಗೋ ಮೊದಲು ಹೇಳಿದವರೇ ಹೆಚ್ಚು. ವಸುಧೇಂದ್ರರಂಥ ಲೇಖಕರೇ ಮೊದಲ ಕಥೆಗೆ ಬೇರೆ ಹೆಸರಿಟ್ಟಿದ್ದರು ಎಂಬುದನ್ನು ನೆನಪಿಡಬೇಕು. ಇನ್ನೊಬ್ಬರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದು ಮಾತ್ರ ಯಾವ ಸಂದರ್ಭದಲ್ಲೂ ಸಲ್ಲದು.

ಮನಸ್ಸು ಕುಗ್ಗಿ ಬದುಕೇ ಬೇಡವೆನಿಸಿದಾಗ ಪುಸ್ತಕಕ್ಕಿಂತ ಮನುಷ್ಯರ ದನಿ ಮುಖ್ಯ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲಿ ಮಾತನಾಡಬಹುದು, ಕರೆ ಉಚಿತ.

ಪುಸ್ತಕ ಪಡೆಯುವ ಬಗೆ

ಗೌರಿಬಿದನೂರಿನಿಂದ ದೊಡ್ಡಬಳ್ಳಾಪುರ, ಯಲಹಂಕ ಮಾರ್ಗವಾಗಿ ಬೆಂಗಳೂರಿಗೆ ರೈಲು ಹಿಡಿಯುವವರಿಗೆ ನಗರದ ಕನ್ನಡ ಪುಸ್ತಕ ಮಳಿಗೆಗಳು ದೂರವಲ್ಲ. ಅಂಚೆಯ ಮೂಲಕ ತರಿಸುವವರು ಪೊಟ್ಟಣ ಮನೆಯಲ್ಲಿ ಯಾರ ಕೈಸೇರುತ್ತದೆ ಎಂಬುದನ್ನು ಯೋಚಿಸಿ, ಬೇಕಿದ್ದರೆ ನಂಬಿಕೆಯ ಗೆಳೆಯರ ವಿಳಾಸ ಕೊಡಬಹುದು. ಸಾರ್ವಜನಿಕ ಗ್ರಂಥಾಲಯದಲ್ಲಿ ‘ಕಥಾಸಂಕಲನ’, ‘ಆತ್ಮಕಥೆ’ ಎಂಬ ವಿಭಾಗಗಳಲ್ಲಿ ಹುಡುಕಿದರೆ ಸಾಕು, ಕಾರಣ ಹೇಳಬೇಕಾಗಿಲ್ಲ. ಇಲ್ಲದ ಪುಸ್ತಕವನ್ನು ತರಿಸುವಂತೆ ಓದುಗರು ಕೇಳಬಹುದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿಗೆ ಪುಸ್ತಕ ದಾನ ಮಾಡುವವರು ಈ ಪಟ್ಟಿಯಿಂದ ಒಂದೆರಡನ್ನು ಸೇರಿಸಿದರೆ, ಅದು ಯಾರ ಕೈಗೆ ಸಿಕ್ಕಿತೆಂದು ಅವರಿಗೆ ತಿಳಿಯದಿದ್ದರೂ ಕೆಲಸವಂತೂ ಆಗುತ್ತದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರು ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಹುಟ್ಟಿದ ಊರು. ಯಾವುದನ್ನೂ ಪ್ರಶ್ನಿಸದೆ ಒಪ್ಪಿಕೊಳ್ಳಬಾರದೆಂದು ಅವರು ಮೂರು ತಲೆಮಾರಿನ ವಿದ್ಯಾರ್ಥಿಗಳಿಗೆ ಕಲಿಸಿದರು. ಪಕ್ಕದ ಕುಡುಮಲಕುಂಟೆಯ ಯುವಕನೊಬ್ಬ ತನ್ನ ಬಗ್ಗೆ ಊರು ಹೇಳುವುದೆಲ್ಲ ನಿಜವೇ ಎಂದು ಕೇಳಿಕೊಳ್ಳುವುದೂ ಅಂಥದೇ ಒಂದು ಪ್ರಶ್ನೆ. ಉತ್ತರ ಹುಡುಕಲು ಅವನಿಗೆ ಈಗ ಕನ್ನಡದಲ್ಲೇ ಪುಸ್ತಕಗಳಿವೆ.